ಹೊಸ ನೀರಿನ ದಿನ ಕೆರೆ ಹಸಿರಾದದ್ದು

ಮಕ್ಕಳೇ, ನಿಮ್ಮೂರ ಕಡಲು ಮತ್ತೆ ಹಸಿರಾಗಿದೆ ಎಂದು ಫೋನಿನಲ್ಲಿ ಹೇಳಿದಿರಿ. ಅದು ಹೇಗೆ ಶುರುವಾಗುತ್ತದೆ ಅಜ್ಜಿ ಎಂದೂ ಕೇಳಿದಿರಿ. ಎದುರಿಗೆ ಯಾರಾದರೂ ಇದ್ದರೆ ನನಗೆ ಮಾತು ಹೊರಡುವುದಿಲ್ಲ, ಬರೆಯುವಾಗ ಸ್ವಲ್ಪ ಧೈರ್ಯ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ನಗಬೇಡಿ.

ಸುತ್ತ ಬಡಾವಣೆಗಳು ಎದ್ದರೂ ಅಬ್ಬಿಗೆರೆಯ ಈ ಮಗ್ಗುಲಲ್ಲಿ ಇನ್ನೂ ಕೆಲವು ಮನೆಗಳಲ್ಲಿ ದನಗಳಿವೆ. ಕೆರೆಗೆ ಹೊಸ ನೀರು ಬಂದಾಗ ಗಂಗೆ ಪೂಜೆ ಮಾಡಿ, ಚೊಚ್ಚಲ ಗಬ್ಬವಾಗಿರುವ ಕಡಸಿಗೆ ಮೊದಲು ಆ ನೀರು ಕುಡಿಸಿ, ಆಮೇಲೆ ಉಳಿದ ದನಗಳನ್ನು ನೀರಿಗೆ ಬಿಡುವುದು ನಮ್ಮವರ ಪದ್ಧತಿ. ಕಡಸೆಂದರೆ ಇನ್ನೂ ಕರು ಹಾಕದ ಎಳೆ ಹಸು. ಈ ಸಲ ಅಂಥದ್ದು ಇದ್ದದ್ದು ನಮ್ಮ ಕೊಟ್ಟಿಗೆಯಲ್ಲಿ ಮಾತ್ರ. ನಿಮ್ಮ ತಾತ ತೀರಿಹೋಗುವ ಮುಂಚೆ ತಾಯಿಯ ಹೊಟ್ಟೆಯಿಂದ ತಮ್ಮ ಕೈಯಾರೆ ಎಳೆದು ತೆಗೆದ ಕರು ಅದು. ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು.

ಆದರೂ ಪೂಜೆಯ ದಿನ ಹಗ್ಗ ನನ್ನ ಕೈಯಲ್ಲಿ ಇರುವಂತಿಲ್ಲ. ಮುತ್ತೈದೆಯರು ಆರತಿ ಹಿಡಿದು ಮುಂದೆ, ಹಗ್ಗ ಹಿಡಿದು ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ. ನಾನು ಉಳಿದವರ ದನಗಳಿಗೂ ಹಿಂದೆ, ಏರಿಯ ಮೇಲೆ.

ಅಲ್ಲಿಂದ ನೀರು ಚೆನ್ನಾಗಿ ಕಾಣುತ್ತಿತ್ತು. ಜೋರು ಮಳೆ ಬಂದು ಹೋದ ಮೇಲೆ ವಾರವೆಲ್ಲ ಬಿಸಿಲು ಉರಿದಿತ್ತು, ಎಲೆ ಅಲುಗದ ಸೆಕೆ. ಆ ಬೆಳಿಗ್ಗೆ ಮಾತ್ರ ಸಣ್ಣ ಗಾಳಿ ಪೂಜೆ ನಡೆಯುವ ಮೆಟ್ಟಿಲಿನ ಕಡೆಗೆ ಬೀಸುತ್ತಿತ್ತು. ಕೆರೆಯ ನಡುವೆ ನೀರು ನೀರಾಗಿಯೇ ಇತ್ತು. ಮೆಟ್ಟಿಲ ಬಳಿ ಮಾತ್ರ ಸೊಪ್ಪು ರುಬ್ಬಿ ಸುರಿದ ಹಾಗೆ ದಪ್ಪ ಹಸಿರು, ಅಂಚಿನಲ್ಲಿ ನೀಲಿ ಗೆರೆ.

ಮೈದುನನಿಗೆ ಖುಷಿಯೋ ಖುಷಿ. "ನೋಡ್ರಮ್ಮ, ಗಂಗಮ್ಮ ಅಸ್ರು ಸೀರೆ ಉಟ್ಕೊಂಡವ್ಳೆ! ಈ ವರ್ಸ ಎಲ್ಲಾ ಒಳ್ಳೇದೇ ಆಯ್ತದೆ."

ಹೆಂಗಸರು ನಕ್ಕರು. ನಾನು ಹುಟ್ಟಿದ ಊರಿನಲ್ಲೂ ಕೆರೆ ಹಸಿರಾದರೆ ಯಾರೂ ಹೆದರುತ್ತಿರಲಿಲ್ಲ, ಪಾಚಿ ಬಳಿದು ಹೊಲಕ್ಕೆ ಹಾಕುತ್ತಿದ್ದೆವು. ಆದರೆ ನನ್ನ ಕಾಲು ಒಂದು ಕಡೆ ನಿಲ್ಲದಾಯಿತು. ಹೋದ ವರ್ಷ ನಿಮ್ಮ ಮನೆಗೆ ಬಂದಿದ್ದಾಗ ಕಡಲು ಹೀಗೇ ಇತ್ತಲ್ಲ, ಅದು ನೆನಪಾಯಿತು. ಆಗ ನಿಮ್ಮಮ್ಮ ಬಿಡಿಸಿ ಹೇಳಿದ್ದಳು. ಕಣ್ಣಿಗೆ ಕಾಣದ ಪಾಚಿ ನೀರಿನಲ್ಲಿ ಯಾವಾಗಲೂ ಚೂರು ಇರುತ್ತದಂತೆ. ಮಳೆಗಾಲದಲ್ಲಿ ಹೊಳೆಗಳು ಹೊಲದ ಗೊಬ್ಬರವನ್ನೂ ಊರಿನ ಕೊಳಚೆಯನ್ನೂ ಕಡಲಿಗೆ ತರುತ್ತವೆ. ಗಾಳಿ ಮೇಲಿನ ನೀರನ್ನು ಆಚೆ ತಳ್ಳಿದರೆ ತಳದ ತಣ್ಣನೆಯ ನೀರು ತನ್ನ ಸಾರದೊಡನೆ ಮೇಲೇರುತ್ತದೆ. ಆಮೇಲೆ ಬಿಸಿಲು ಬಿದ್ದು, ನೀರು ಶಾಂತವಾದರೆ ಸಾಕು. ಬೆಚ್ಚನೆಯ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಪಾತ್ರೆಯಷ್ಟೂ ಮೊಸರಾಗುವುದಿಲ್ಲವೇ, ಹಾಗೆ.

"ಎಲ್ಲಾ ಹಸಿರೂ ವಿಷ ಅಲ್ಲಮ್ಮ. ಆದ್ರೆ ಬಣ್ಣ ನೋಡಿ ಹೇಳೋಕಾಗಲ್ಲ. ಚಿಪ್ಪಿನ ಜೀವಕ್ಕೆ ಆ ಪಾಚಿನೇ ಊಟ, ಅದಕ್ಕೇ ಈಗ ಚಿಪ್ಪಿನ ಮಾಂಸ ತಿನ್ನಲ್ಲ ನಾವು," ಎಂದಿದ್ದಳು.

ಕೆರೆಗೂ ಅದೇ ಅಡುಗೆ. ಬಡಾವಣೆಗಳ ಚರಂಡಿ, ಸೋಪಿನ ನೀರು, ನಮ್ಮ ಕೊಟ್ಟಿಗೆ ತೊಳೆದ ಗಂಜಲ ಎಲ್ಲವನ್ನೂ ಮಳೆ ಗುಡಿಸಿ ತಂದು ಹಾಕಿತ್ತು. ನಾವು ಅದನ್ನೇ ಹೊಸ ನೀರು ಎಂದು ಪೂಜೆ ಮಾಡುತ್ತಿದ್ದೆವು.

ಆರತಿ ಮುಗಿಯಿತು. ಮೈದುನ ಹಗ್ಗ ಸಡಿಲಿಸಿದ. ಕಡಸು ಮೂತಿ ಚಾಚಿತು.

"ಕುಡಿಸ್ಬೇಡಿ!"

ಅದು ನನ್ನದೇ ದನಿ. ಎಲ್ಲರೂ ತಿರುಗಿದರು.

"ಒಂದ್ ಗುಟುಕು ಅಷ್ಟೇಯ ಅತ್ಗೆ. ಶಾಸ್ತ್ರಕ್ಕೆ," ಎಂದ ಮೈದುನ.

ನಾನು ಮೆಟ್ಟಿಲಿಳಿದೆ. ಯಾರೋ "ಇವ್ರ್ಯಾಕೆ ಮುಂದಕ್ ಬಂದ್ರು?" ಎಂದದ್ದು ಕಿವಿಗೆ ಬಿತ್ತು. ಮೈದುನನ ಕೈಯಿಂದ ಹಗ್ಗ ಕಿತ್ತುಕೊಂಡೆ. ಅಷ್ಟರಲ್ಲಿ ಕಡಸು ಗುಟುಕರಿಸಿಬಿಟ್ಟಿತ್ತು. ಮೂತಿಯೆಲ್ಲ ಹಸಿರು. ಸೆರಗಿನಲ್ಲಿ ಒರೆಸುತ್ತ, ಯಾರ ಮುಖವನ್ನೂ ನೋಡದೆ ಮನೆಗೆ ಎಳೆದುಕೊಂಡು ಬಂದೆ.

ದನದ ಡಾಕ್ಟರಿಗೆ ಫೋನ್ ಮಾಡಿದೆ. "ಮೂತಿ ತೊಳೀರಿ, ನೆರಳಲ್ಲಿ ಕಟ್ಟಿ, ಒಳ್ಳೇ ನೀರು ಇಡಿ. ಜೊಲ್ಲು ಸುರಿದ್ರೆ, ನಡುಗಿದ್ರೆ, ತೂರಾಡಿದ್ರೆ ತಕ್ಷಣ ಹೇಳಿ," ಎಂದರು.

ಆ ಮಧ್ಯಾಹ್ನ ನಾನು ಕೂತಲ್ಲಿ ಕೂರಲಿಲ್ಲ. ಜೊಲ್ಲು ಕಂಡರೆ ಎದೆ ಧಸಕ್ ಎನ್ನುತ್ತಿತ್ತು, ದನಕ್ಕೆ ಜೊಲ್ಲು ಯಾವಾಗ ಇರುವುದಿಲ್ಲ? ನೊಣ ಕೂತು ಚರ್ಮ ಅದುರಿದರೂ ನಡುಕವೇ ಎಂದು ಓಡುತ್ತಿದ್ದೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಒಳಗಿನ ಕರು ಅಲುಗುತ್ತದೆಯೇ ಎಂದು ಕಾಯುತ್ತಿದ್ದೆ. ಆಗಲೇ ನೀವು ವಿಡಿಯೋ ಕಾಲ್ ಮಾಡಿದ್ದು. "ಅಜ್ಜಿ, ಯಾಕೆ ಓಡಾಡ್ತಾನೇ ಇದೀಯ?" ಎಂದಿರಿ. ಏನೂ ಇಲ್ಲ ಎಂದೆ.

ಸಂಜೆ ಮೈದುನ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. "ಯಾರೂ ಕುಡಿಸ್ಲಿಲ್ಲ ಕಣತ್ಗೆ. ಎಲ್ರೂ ನಿಮ್ಮನ್ನ ಬಯ್ಕೊಂಡು ಬಯ್ಕೊಂಡೇ ದನ ವಾಪಸ್ ಒಡ್ಕೊಂಡ್ ಬಂದ್ರು." ಆಮೇಲೆ ದನಿ ತಗ್ಗಿಸಿ, "ಎಂಗದೆ?" ಎಂದ.

ನಾನು ಉತ್ತರ ಕೊಡುವ ಮೊದಲೇ ಕಡಸು ಮಲಗಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕತೊಡಗಿತು. ಇಬ್ಬರೂ ಅದರ ದವಡೆಯನ್ನೇ ನೋಡುತ್ತ ನಿಂತೆವು.

ಆ ನೀರಿನಲ್ಲಿ ವಿಷವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಗಾಳಿ ತಿರುಗಿತು. ಹಸಿರೆಲ್ಲ ಆಚೆ ದಡಕ್ಕೆ ಹೋಗಿ ಮೆಟ್ಟಿಲ ನೀರು ತಿಳಿಯಾಯಿತು. ಮೈದುನ ಮತ್ತೆ ಬಂದ.

"ಈಗ್ ನೋಡಿ, ಕನ್ನಡಿ ಇದ್ದಂಗದೆ. ಶಾಸ್ತ್ರ ಅರ್ದಕ್ಕೆ ನಿಂತದಲ್ಲ ಅತ್ಗೆ?"

"ಪೂಜೆ ನೀವು ಮಾಡಿ. ಹಗ್ಗ ನಾನ್ ಹಿಡ್ಕೋತೀನಿ," ಎಂದೆ.

ಅವನು ತಲೆ ಕೆರೆದುಕೊಂಡ, ಬೇಡ ಎನ್ನಲಿಲ್ಲ. ಆ ತಿಳಿ ನೀರನ್ನೂ ನಂಬದೆ ನಾನು ಮನೆಯ ಬೋರ್‌ವೆಲ್ ನೀರನ್ನು ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋದೆ. ಆರತಿ ಆದ ಮೇಲೆ ಕಡಸು ಗಂಗಮ್ಮನ ಎದುರು ನಿಂತು ಆ ಬಕೆಟ್ಟಿನ ನೀರನ್ನೇ ತಳ ಕಾಣುವವರೆಗೂ ಕುಡಿಯಿತು.