ಆಪಾ ಬರೆದ ನಲ್ಲಿನೀರು

ಆಕೆಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಎಷ್ಟು ಒರಟಾಗಿತ್ತೆಂದರೆ, ಮೊಬೈಲಿನ ಪರದೆ ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಹಾಗಾಗಿ ಕಿರುಬೆರಳನ್ನು ಕೊಕ್ಕಿನಂತೆ ಚಾಚಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಸರ್ವಜ್ಞನಗರದಲ್ಲಿ ನಾವಿರುವ ಮಹಡಿಯ ಕೆಳಗೆ ಅವರ ಹೊಲಿಗೆ ಅಂಗಡಿಯಿತ್ತು. ಬೀದಿಗೆಲ್ಲ ಅವರು ಆಪಾ, ಎಂದರೆ ಅಕ್ಕ. ಮನೆಮಾತು ದಖನಿ ಉರ್ದುವಾದರೂ ಶಿವಾಜಿನಗರದ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವರು.

ಬೆಳಿಗ್ಗೆ ನಲ್ಲಿ ಸದ್ದು ಮಾಡಿದೊಡನೆ ಆಪಾ ಬಿಳಿ ಪಾಪ್ಲಿನ್ ಬಟ್ಟೆಯ ತುಂಡೊಂದನ್ನು ಬಕೆಟಿನ ನೀರಿನಲ್ಲಿ ಅದ್ದುತ್ತಿದ್ದರು. ಬೆಳಕಿಗೆ ಹಿಡಿದು, ಮೂಸಿ, ಕಂಡದ್ದನ್ನು ತಮ್ಮ ಬ್ಲಾಗಿನಲ್ಲಿ ಬರೆಯುತ್ತಿದ್ದರು: “ಬುಧವಾರ. 5:40ಕ್ಕೆ ನೀರು. ಚಾ ಬಣ್ಣ. ಮೋರಿ ವಾಸನೆ. 6:10ಕ್ಕೆ ಬಂದ್.” ಅಷ್ಟೇ. ಮರುದಿನವೂ ಅಷ್ಟೇ.

ನನಗೂ ಒಂದು ಬ್ಲಾಗಿತ್ತು. ಇಪ್ಪತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಕೆಲಸ ಬಿಟ್ಟವನು ನಾನು. ಪೀಠಿಕೆ, ನಿರೂಪಣೆ, ಉಪಸಂಹಾರಗಳಿಲ್ಲದ್ದು ಬರಹವೇ ಅಲ್ಲವೆಂದು ನಂಬಿದ್ದೆ. ಇಂದಿರಾನಗರದ ಗೃಹಿಣಿಯೊಬ್ಬರು ತಮ್ಮ ಅಡುಗೆಯ ಬ್ಲಾಗಿನಲ್ಲಿ ಸಾರಿನಪುಡಿಯ ಅಳತೆ ಹೇಳುವ ಮುನ್ನ ಅಜ್ಜಿಯ ಬಾಲ್ಯವನ್ನೇ ವಿಸ್ತರಿಸುತ್ತಿದ್ದರು. ಪೀಠಿಕೆಯಾದರೂ ಇದೆಯೆಂದು ಅವರನ್ನು ಕ್ಷಮಿಸಿದ್ದೆ. ಆಪಾರನ್ನು ಕ್ಷಮಿಸಲಾಗಲಿಲ್ಲ.

“ಇದನ್ನ ಯಾರು ಓದ್ತಾರೆ ಆಪಾ?”

“ನಿಮ್ದು ಓದೋಕೆ, ನಂದು ತೋರ್ಸೋಕೆ,” ಎಂದರು, ಹೊಲಿಗೆಯಿಂದ ತಲೆಯೆತ್ತದೆ. “ಶೇರ್ವಾನಿಗೂ ಲಂಗಕ್ಕೂ ಒಂದೇ ಅಳತೆ ತಗೊಳ್ತಾರಾ ಮೇಷ್ಟ್ರೇ?”

ಬೀದಿಯ ಮಕ್ಕಳಿಗೆ ಒಬ್ಬರ ಹಿಂದೊಬ್ಬರಂತೆ ವಾಂತಿಭೇದಿ ಶುರುವಾಯಿತು. ಮೋರಿಯ ನೀರು ಕುಡಿಯುವ ನೀರಿನ ಪೈಪಿಗೆ ಸೇರುತ್ತಿದೆಯೆಂದು ಆಪಾ ನೀರಿನ ಇಲಾಖೆಗೆ ದೂರು ಕೊಟ್ಟರು, ಕೊಡುತ್ತಲೇ ಹೋದರು. ಕೊನೆಗೆ ಇಂಜಿನಿಯರರು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ನನಗೆ ಬ್ಲಾಗಿನ ಪಾಸ್‌ವರ್ಡ್ ಕೊಟ್ಟು, “ಸ್ವಲ್ಪ ನೋಡಿ ಮೇಷ್ಟ್ರೇ, ತಪ್ಪುಗಿಪ್ಪು ಇದ್ರೆ ತಿದ್ದಿ. ಆಫೀಸರ್ ಓದ್ತಾರೆ,” ಎಂದರು.

ನಾನು ತಿದ್ದಿದೆ. ಮೂರು ತಿಂಗಳ ಟಿಪ್ಪಣಿಗಳನ್ನು ಒಂದೇ ಪ್ರಬಂಧವಾಗಿ ಹೆಣೆದು, ‘ಜೀವಜಲದ ಅಳಲು’ ಎಂದು ಹೆಸರಿಟ್ಟು, ಹಳೆಯವನ್ನೆಲ್ಲ ಅಳಿಸಿಹಾಕಿದೆ. ಹೆಮ್ಮೆಯಿಂದಲೇ ಅಳಿಸಿದೆ.

ಇಂಜಿನಿಯರರು ಅಂಗಡಿಯ ಬಾಗಿಲಲ್ಲಿ ನಿಂತೇ ಆಪಾರ ಮೊಬೈಲಿನಲ್ಲಿ ಬ್ಲಾಗು ಓದಿದರು. “ಭಾಷೆ ಚೆನ್ನಾಗಿದೆಯಮ್ಮಾ. ಆದ್ರೆ ಯಾವ ದಿನ, ಎಷ್ಟೊತ್ತಿಗೆ? ‘ಹಲವು ದಿನಗಳಿಂದ’ ಅಂದ್ರೆ ನಾನೇನು ರಿಪೋರ್ಟ್ ಹಾಕ್ಲಿ? ಇವತ್ತು ನೀರು ಕ್ಲೀನಾಗೇ ಬಂದಿದೆ.”

ಆಪಾ ಮೊಬೈಲು ಇಸಿದುಕೊಂಡು ಕಿರುಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿದರು. ಆಮೇಲೆ ನನ್ನನ್ನು ನೋಡಿದರು.

“ಕೋಟು ಆಲ್ಟ್ರೇಶನ್‌ಗೆ ಕೊಟ್ರೆ ಕರ್ಚೀಫ್ ಮಾಡ್ಕೊಟ್ರಲ್ಲಾ ಮೇಷ್ಟ್ರೇ!”

ಇಂಜಿನಿಯರರು ನಕ್ಕರು. ಆಪಾ ನಗಲಿಲ್ಲ. ಒಳಗೆ ಹೋಗಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ತಂದರು. ದಿನವೂ ಎಸೆಯುತ್ತಾರೆಂದು ನಾನು ತಿಳಿದಿದ್ದ ಪಾಪ್ಲಿನ್ ತುಂಡುಗಳೆಲ್ಲ ಅದರಲ್ಲಿದ್ದವು. ಒಂದೊಂದರ ಅಂಚಿನಲ್ಲೂ ಪೆನ್ಸಿಲಿನಿಂದ ದಿನ, ಗಂಟೆ ಬರೆದಿತ್ತು. ಗಿರಾಕಿಯ ಬಟ್ಟೆಯ ಚೂರನ್ನೂ ಮಾದರಿಗೆಂದು ಎತ್ತಿಡುವ ಕೈ ಅದು. ನಸುಹಳದಿ, ಕಂದು, ಕಪ್ಪು. ಬಟ್ಟೆ ಕತ್ತರಿಸುವ ಮೇಜಿನ ತುಂಬ ಮೂರು ತಿಂಗಳನ್ನು ಹರಡಿ, “ಈಗ ಹಾಕಿ ರಿಪೋರ್ಟು,” ಎಂದರು.

ಇಂಜಿನಿಯರರು ಒಂದು ತುಂಡನ್ನು ಮೂಸಿ ಕೆಳಗಿಟ್ಟರು. ದನಿ ತಗ್ಗಿತ್ತು. “ಪೈಪ್ ನೋಡ್ಸೋಣ. ಆದ್ರೆ ಇದನ್ನೆಲ್ಲ ಬ್ಲಾಗಲ್ಲಿ ಹಾಕ್ಬೇಡಿ. ಡಿಪಾರ್ಟ್‌ಮೆಂಟಿನ ಹೆಸರು ಹಾಳಾಗತ್ತೆ.”

“ಹಾಕ್ತೀನಿ ಸಾಬ್. ಇವತ್ತೇ ಹಾಕ್ತೀನಿ. ನೀವು ಬಂದಿದ್ದೂ ಹಾಕ್ತೀನಿ, ಎಷ್ಟೊತ್ತಿಗೆ ಹೋದ್ರಿ ಅಂತಾನೂ ಹಾಕ್ತೀನಿ.”

ಅಂದೇ ಕುಳಿತೆವು. ಅವರು ತುಂಡು ನೋಡಿ ಹೇಳಿದರು, ನಾನು ಟೈಪು ಮಾಡಿದೆ. ಒಂದು ಕಡೆ ‘ಅಸಹನೀಯ ದುರ್ಗಂಧ’ ಎಂದು ಸೇರಿಸಿದ್ದಕ್ಕೆ ಅಳತೆಪಟ್ಟಿಯಿಂದ ಕೈಮೇಲೆ ಮೆಲ್ಲನೆ ಹೊಡೆದರು. “ಮೋರಿ ವಾಸನೆ. ಅಷ್ಟೇ ಬರೀರಿ.”

ಬೀದಿ ಅಗೆದು ಹೊಸ ಪೈಪು ಹಾಕಿದರು. ತಿಳಿನೀರು ಬಂತು. ಆಪಾ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಇನ್ನೇಕೆ ಎಂದು ಕೇಳಿದೆ.

“ಚೆನ್ನಾಗಿ ಬಂದಿದ್ದೂ ಬರೀಬೇಕು ಮೇಷ್ಟ್ರೇ. ಇಲ್ಲಾಂದ್ರೆ ಕೆಟ್ಟಿದ್ದು ಬರ್ದಾಗ ನಂಬೋರು ಯಾರು?”

ಕಳೆದ ವರ್ಷ ಆಪಾ ತೀರಿಕೊಂಡರು. ಆ ಬೆಳಗಿನ ಬಟ್ಟೆಯನ್ನು ನಾನು ಅದ್ದಿದೆ. ಅಂದಿನಿಂದ ದಿನವೂ ಅದ್ದುತ್ತಿದ್ದೇನೆ. ನನ್ನ ಪ್ರಬಂಧಗಳ ಬ್ಲಾಗೂ ನಡೆದಿದೆ; ಅಲ್ಲಿ ಪೀಠಿಕೆಯುಂಟು, ಉಪಸಂಹಾರವುಂಟು. ಆಪಾರ ಬ್ಲಾಗಿನಲ್ಲಿ ಎರಡಕ್ಕೂ ಜಾಗವಿಲ್ಲ. ಅದನ್ನು ಸುಂದರ ಪುಸ್ತಕ ಮಾಡೋಣವೆಂದವರಿಗೆ ಆಗದೆಂದೆ. ನೀರು ಸರಿಯಾಯಿತು, ಇನ್ನು ಮುಚ್ಚಿ ಎಂದವರಿಗೂ ಆಗದೆಂದೆ. ಮೊನ್ನೆ ಯಾರೋ ಅದರ ಕೆಳಗೆ ಬರೆದಿದ್ದರು: “ಇದೂ ಒಂದು ಬರಹವೇ?” ಒಂದು ಕಾಲಕ್ಕೆ ಅದು ನನ್ನದೇ ಪ್ರಶ್ನೆ. ಮರುದಿನದ ನಲ್ಲಿಯವರೆಗೆ ಕಾದು ಉತ್ತರಿಸಿದೆ:

“ಶನಿವಾರ. 5:52ಕ್ಕೆ ನೀರು. ತಿಳಿ. ವಾಸನೆ ಇಲ್ಲ. 6:30ಕ್ಕೆ ಬಂದ್.”