ಗೌರಿಗಿಂತ ಮೊದಲು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲು ಉಕ್ಕುವ ಮೊದಲೇ ಗ್ಯಾಸ್ ಸಣ್ಣ ಮಾಡಿದೆ. ಹಿಂಜವಾಡಿಗೆ ಹೋಗುವ ಯಜಮಾನರ ಡಬ್ಬಿಗೆ ಚಪಾತಿ, ಹೆಸರುಕಾಳಿನ ಪಲ್ಯ ತುಂಬಿದೆ. ಅವರ ಕಂಪನಿಯ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಬಾಲ್ಕನಿಯಲ್ಲಿ ನಿಲ್ಲುವುದು ನನ್ನ ರೂಢಿ. ಅಂದು ನಿಲ್ಲಲು ಕಸುವಿಲ್ಲದೆ ಅಲ್ಲಿದ್ದ ವಾಷಿಂಗ್ ಮಶೀನಿಗೆ ಒರಗಿಕೊಂಡೆ.

ನಡುಮನೆಯಲ್ಲಿ ಅತ್ತೆ ಹಳೆಯ ಪೇಪರು ಹಾಸಿ, ಹಬ್ಬಕ್ಕೆ ಕೂಡಿಸುವ ಅಕ್ಕತಂಗಿ ಗೌರಿಯರ ಎರಡು ಹಿತ್ತಾಳೆ ಮುಖಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹಬ್ಬ ಇದ್ದದ್ದು ಮುಂದಿನ ತಿಂಗಳು. ಆದರೆ ಅವರ ಪಾಲಿಗೆ ಮುಂದಿನ ತಿಂಗಳೆಂದರೆ ನಾಳೆ. ಪಕ್ಕದ ತಟ್ಟೆಯಲ್ಲಿ ಅರಿಸಿನ, ಗೆಜ್ಜೆವಸ್ತ್ರ, ಅಡಿಕೆ. ಅವುಗಳ ನಡುವೆ ಒಂದು ಗುಳಿಗೆಯ ಪಾಕೀಟು. ಮುಟ್ಟು ಮುಂದೂಡುವ ಗುಳಿಗೆ. ವರ್ಷಗಳಿಂದ ಹಬ್ಬದ ಸಾಮಾನಿನ ಜೊತೆಗೇ ಅದೂ ನಮ್ಮ ಮನೆಗೆ ಬರುತ್ತಿತ್ತು.

“ತಾರೀಖು ನೋಡ್ಕೊಂಡು ಶುರು ಮಾಡವಾ. ಗೌರಿ ಹೋಗೂತನಕ ತಗೊಂಡ್ರ ಆತು.”

“ಅತ್ಯಾರ, ಇವತ್ತ ಡಾಕ್ಟರ ಕಡೆ ಹೊಂಟೇವಲ್ಲ, ಅವರು ಏನಂತಾರ ಕೇಳೂಣ್ರಿ.”

“ಕೇಳೂಣಂತ. ಆಪರೇಶನ್ ಮಾತ್ರ ಗೌರಿ ಆದಮ್ಯಾಲೆ. ನೀ ಮಲಗಿದ್ರ ನೈವೇದ್ಯದ ಹದಿನಾರು ಪಲ್ಯೆ ಯಾರು ಮಾಡಾವ್ರು?”

ಗೌರಿ ಆದ ಮೇಲೆ ನವರಾತ್ರಿ, ಆಮೇಲೆ ದೀಪಾವಳಿ, ತುಳಸಿ ಲಗ್ನ. ನಮ್ಮ ಮನೆಯಲ್ಲಿ ‘ಆದಮ್ಯಾಲೆ’ ಎಂಬುದು ಬರುವುದೇ ಇಲ್ಲ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ಕ್ಯಾನ್ಸರಿನವಲ್ಲ, ಆದರೂ ತೆಗೆಸಿಬಿಡಿ ಎಂದು ಡಾಕ್ಟರು ಹೇಳಿ ಆಗಲೇ ಎಷ್ಟೋ ಹಬ್ಬಗಳು ದಾಟಿದ್ದವು. ಗುಳಿಗೆ ನಿಲ್ಲಿಸಿದ ಮೇಲೆ ಬರುವ ಮುಟ್ಟಂತೂ ಸಾಲವನ್ನು ಬಡ್ಡಿ ಸಮೇತ ವಸೂಲಿ ಮಾಡುವಂತೆ ಬರುತ್ತಿತ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಟವೆಲ್ ಕಚ್ಚಿ ಹಿಡಿಯುತ್ತಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಹೊಟ್ಟೆನೋವು ಎಂದ ಹುಡುಗಿಯರಿಗೆ ಬಿಸಿನೀರಿನ ಚೀಲ ಕೊಟ್ಟು, “ನೋವನ್ನು ದೇವರಿಗೆ ಒಪ್ಪಿಸಿಬಿಡು ಮಗು” ಎನ್ನುತ್ತಿದ್ದರು. ನಾನು ಒಪ್ಪಿಸುತ್ತಲೇ ಬಂದೆ. ಮೊದಲು ಅವರ ದೇವರಿಗೆ, ಮದುವೆಯಾದ ಮೇಲೆ ನಮ್ಮ ಗೌರಿಗೆ.

ಅತ್ತೆಗೆ ನನ್ನ ಮೇಲೆ ಅಕ್ಕರೆ ಕಡಿಮೆ ಎಂದಲ್ಲ. ಆ ದಿನಗಳಲ್ಲಿ ಓಮಿನಕಾಳು ಹುರಿದು, ತಮ್ಮ ಮೆತ್ತಗಿನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಹೊಟ್ಟೆಗೆ ಶಾಖ ಕೊಡುತ್ತಿದ್ದವರು ಅವರೇ. ಗುಳಿಗೆ ತಂದುಕೊಡುತ್ತಿದ್ದದ್ದೂ ಅದೇ ಅಕ್ಕರೆಯಿಂದ. ಹಬ್ಬದ ದಿನ ಸೊಸೆ ಮೂಲೆಯಲ್ಲಿ ಕೂಡಬಾರದು, ಗೌರಿಗೆ ಅವಳೇ ಉಡಿ ತುಂಬಬೇಕು.

ಅತ್ತೆಯೊಂದಿಗೆ ದವಾಖಾನೆಗೆ ಹೋದೆ. ಡಾಕ್ಟರು ಮರಾಠಿ ಹೆಣ್ಣುಮಗಳು. ಎಡಗೈ ಮುಷ್ಟಿ ಹಿಡಿದು ಗರ್ಭಕೋಶ ಇಷ್ಟಿರಬೇಕಿತ್ತು ಎಂದರು. ಅದರ ಗೋಡೆಯಲ್ಲಿ ಒಂದು ಚಿಕ್ಕುವಿನಷ್ಟು, ಇನ್ನೊಂದು ನಿಂಬೆಯಷ್ಟು ಗಡ್ಡೆ. ಗರ್ಭಕೋಶ ಉಳಿಸಿ ಗಡ್ಡೆಗಳನ್ನಷ್ಟೇ ತೆಗೆಯಬಹುದು, ಹೊಟ್ಟೆ ಪೂರ್ತಿ ಕೊಯ್ಯಬೇಕಿಲ್ಲ, ಸಣ್ಣ ರಂಧ್ರಗಳು ಸಾಕು ಎಂದರು. ಮುಂದೆ ಹಾಗೆಯೇ ಮಾಡಿದರು ಕೂಡ. ನನ್ನ ಹೊಟ್ಟೆಯ ಮೇಲೆ ಈಗ ಉಳಿದಿರುವುದು ಸೊಳ್ಳೆ ಕಚ್ಚಿದಂಥ ಗುರುತುಗಳು ಅಷ್ಟೆ. ಆದರೆ ಅಂದು ಅವರು ರಕ್ತದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. ಮುಟ್ಟು ಮುಂದೂಡಲು ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಧಾರವಾಡದ ಮರಾಠಿಯಲ್ಲಿ, “ಮೀಚ ದೇತೇ!” ಎಂದರು. ನಾನೇ ಕೊಡ್ತೀನಿ, ಪ್ರತಿ ಹಬ್ಬಕ್ಕೂ, ಒಂದನ್ನೂ ತಪ್ಪಿಸಿಲ್ಲ ಎಂದು. ಆ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಸಿಟ್ಟಾಗಲಿಲ್ಲ. “ಗಡ್ಡೆ ಬಂದದ್ದು ಗುಳಿಗೆಯಿಂದಲ್ಲ ಕಾಕೂ,” ಎಂದರು ಮೆಲ್ಲಗೆ. “ಆದರೆ ಪ್ರತಿ ಸಲ ಆಪರೇಶನ್ ಮುಂದೆ ಹಾಕಿದಿರಿ, ಅಷ್ಟರಲ್ಲಿ ಇವರ ಮೈಯಲ್ಲಿ ರಕ್ತ ಇಳಿಯುತ್ತ ಹೋಗಿದೆ. ನೋವೂ ಭಯಂಕರ ಇರಬೇಕು. ನಿಮಗೆ ಹೇಳಿಲ್ಲವೇ?”

ಅತ್ತೆ ನನ್ನತ್ತ ತಿರುಗಿದರು. ನಾನು ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದೆ.

ಮನೆಗೆ ಮರಳುವಾಗ ರಿಕ್ಷಾ ಯೆರವಡಾದ ಸಿಗ್ನಲ್‌ನಲ್ಲಿ ನಿಂತಿತು. ಅತ್ತೆ ನನ್ನ ಮೊಣಕೈ ಹಿಡಿದರು. ಅವರ ಉಗುರುಗಳಲ್ಲಿ ಹಿತ್ತಾಳೆಯ ಕಪ್ಪು ಹಾಗೇ ಇತ್ತು.

“ಅಷ್ಟ ನೋವಿದ್ರ ಬಾಯಿ ಬಿಟ್ಟು ಅನ್ನಬಾರದೇನ? ಕಾನ್ವೆಂಟದಾಗ ಬಾಯಿ ಮುಚ್ಚಿ ಕೂಡೂದು ಒಂದ ಕಲಿಸ್ಯಾರ ನಿನಗ!”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವರು ಮುಖ ಹೊರಗೆ ತಿರುಗಿಸಿ, “ಗೌರಿಗಿಂತ ಮೊದಲ ಮುಗಿಸಿಬಿಡೂಣ. ಆಕಿ ಏನ ಅನ್ನೂದಿದ್ರೂ ನನಗ ಅನ್ನಲಿ,” ಎಂದರು.

ಮನೆಗೆ ಬಂದವರೇ ಪಾಕೀಟನ್ನು ಕಸದ ಬುಟ್ಟಿಗೆ ಹಾಕಿದರು. ಆದರೆ ಮಧ್ಯಾಹ್ನವೆಲ್ಲ ತಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಸೊಸೆ ಮಂಚದಲ್ಲಿ, ತಮ್ಮ ಕಾಲು ಹೀಗೆ, ಹಬ್ಬದ ದಿನ ನೈವೇದ್ಯ ಹೇಗೆ ಎಂದು ಗೊಣಗುತ್ತಲೇ ಇದ್ದರು. ಆಪರೇಶನ್ ಮತ್ತೆ ಮುಂದಕ್ಕೆ ಹೋದೀತೆಂದು ನಾನು ಒಳಗೊಳಗೇ ಹೆದರಿದ್ದೆ.

ಸಂಜೆ ಮೇಲಿನ ಮಹಡಿಯ ಮನೆಯಾಕೆ ಬಂದರು. ಉಡುಪಿ ಕಡೆಯವರು, ಖರಾಡಿಯಲ್ಲಿ ಅವರದೊಂದು ಹೋಟೆಲಿದೆ. ಇಡ್ಲಿ ಹಿಟ್ಟಿನ ಪಾತ್ರೆ ಕೊಟ್ಟು ಹೊರಟವರನ್ನು ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ, ಗಡ್ಡೆಯಿಂದ ಹಿಡಿದು ಹದಿನಾರು ಪಲ್ಯದವರೆಗೆ ಎಲ್ಲ ಹೇಳಿದರು. ಆಗಷ್ಟೇ ಆಫೀಸಿನಿಂದ ಬಂದ ಯಜಮಾನರು ಸೋಫಾದಲ್ಲಿ ಕೂತು ಸಾಕ್ಸು ಬಿಚ್ಚುತ್ತಿದ್ದರು.

ಆಕೆ ಚಪ್ಪಲಿಯೊಳಗೆ ಕಾಲು ತೂರಿಸುತ್ತ ಯಜಮಾನರತ್ತ ಒಮ್ಮೆ ನೋಡಿ, “ಅದಕ್ಕೆಂತ ಮಂಡೆಬಿಸಿ ಮಾರಾಯ್ರೆ? ನಮ್ಮ ಹೋಟ್ಲಲ್ಲಿ ದೇವರ ನೈವೇದ್ಯಕ್ಕೂ ಅಡುಗೆ ಮಾಡುದು ಗಂಡಸ್ರೇ. ಇಲ್ಲಿ ಒಬ್ರು ಇದ್ದಾರಲ್ಲ,” ಎಂದು ಲಿಫ್ಟಿನ ಗುಂಡಿ ಒತ್ತಿದರು.