ದೊಡ್ಡಮ್ಮನ ಬೊಂಬಾಯಿ ಹೂ

ಹಸಿ ಗಿಡವನ್ನು ಕೊಯ್ದ ಜಾಗಕ್ಕೆ ಅರಿಶಿನ ಮೆತ್ತಿದಾಗ ಒಂದು ವಾಸನೆ ಏಳುತ್ತದೆ. ಸೌತೆಕಾಯಿಯ ತೊಟ್ಟು ಮುರಿದಂಥ ಹಸಿ ವಾಸನೆ, ಅದರ ಮೇಲೆ ಅರಿಶಿನದ ಘಾಟು, ಕೆಳಗೆ ನೆನೆದ ತೆಂಗಿನ ಸಿಪ್ಪೆಯ ಹುಳಿ. ಮೊನ್ನೆ ಇಲ್ಲಿ, ಭಟ್ಕಳದ ಪಕ್ಕದ ಜಾಲಿಯಲ್ಲಿ, ನಮ್ಮ ಪಕ್ಕದ ಮನೆಯವರು ತಾರಸಿಯ ಮೇಲೆ ಕುಳಿತು ಒಂದು ಆರ್ಕಿಡ್ ಗಿಡವನ್ನು ಒಡೆದು ಬೇರೆ ಬೇರೆ ಕುಂಡಕ್ಕೆ ಹಾಕುತ್ತಿದ್ದಾಗ ಆ ವಾಸನೆ ಗೋಡೆ ದಾಟಿ ಬಂತು. ಒಳ್ಳೆಯ ಹೆಂಗಸು, ಪ್ರೀತಿಯಿಂದ ಒಂದು ಕುಂಡ ನನಗೂ ಕೊಡಲು ಬಂದರು. ಬೇಡ ಎಂದೆ. ಅವರ ಮುಖ ಸಣ್ಣದಾಯಿತು. ಏನು ಮಾಡಲಿ, ಆ ಹೂವನ್ನು ಕಂಡರೆ ನನಗೆ ಆಗುವುದಿಲ್ಲ. ಪರಿಮಳವಿಲ್ಲ, ಮುಡಿಯಲು ಬರುವುದಿಲ್ಲ, ದೇವರಿಗೆ ಏರಿಸಿದರೆ ದೇವರಿಗೂ ಗುರುತು ಸಿಗಲಿಕ್ಕಿಲ್ಲ. ವಾರಗಟ್ಟಲೆ ಬಾಡದೆ ನಿಂತುಕೊಳ್ಳುವುದೊಂದೇ ಅದರ ಯೋಗ್ಯತೆ. ಅದನ್ನೇ ದೊಡ್ಡ ಗುಣವೆಂದು ಹೊಗಳುವವರು ನನ್ನ ದೊಡ್ಡಮ್ಮನನ್ನು ನೋಡಿದವರಲ್ಲ.

ನಮ್ಮ ಮನೆ ಹಳದೀಪುರದಲ್ಲಿ ಹೆದ್ದಾರಿಗೆ ತಾಗಿಯೇ ಇತ್ತು. ರಸ್ತೆ ಅಗಲ ಮಾಡುವಾಗ ಪೂರ್ತಿ ಹೋಯಿತು. ಅಡುಗೆಮನೆ ಇದ್ದ ಜಾಗದಲ್ಲಿ ಈಗ ಕುಮಟೆಯ ಬಸ್ಸು ಓಡುತ್ತದೆ. ಅಂಗಳದಲ್ಲಿ ಒಣಹಾಕಿದ ಕೊಬ್ಬರಿಯ ಜಿಡ್ಡು ವಾಸನೆ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಬಸಿಯುವಾಗಿನ ಹಬೆ, ಮೀನಿನವಳು ಕೂಗುವ ಮೊದಲೇ ಎದ್ದು ಬೇಲಿಬಾಗಿಲ ದಣಪೆಗೆ ಓಡುವ ಬೆಕ್ಕುಗಳು, ಇವೆಲ್ಲ ನಿಮ್ಮ ಮನೆಯಲ್ಲೂ ಇದ್ದವು, ಈಗ ನಿಮಗೂ ಇಲ್ಲ. ದೊಡ್ಡಪ್ಪನಿಗೆ ತೆಂಗಿನಕಾಯಿ ವ್ಯಾಪಾರ. ಅಪ್ಪನಿಗೆ ದೊಡ್ಡಪ್ಪನ ತಮ್ಮನಾಗಿರುವುದೇ ಉದ್ಯೋಗ. ಹಾಗಾಗಿ ಮನೆಯೊಳಗೆ ದೊಡ್ಡಮ್ಮನದು ಮಾತು, ಅಮ್ಮನದು ಕೆಲಸ. ಜಗುಲಿಯ ಅಂಚಿನಲ್ಲಿ, ದಾರಿಹೋಕರಿಗೆಲ್ಲ ಕಾಣುವಂತೆ, ದೊಡ್ಡಮ್ಮನ ಆರ್ಕಿಡ್ ಕುಂಡ ತೂಗುತ್ತಿತ್ತು. ಅವಳ ತಮ್ಮ ಬೊಂಬಾಯಿಯಿಂದ ತಂದುಕೊಟ್ಟದ್ದು, ಅದಕ್ಕೇ ಊರಲ್ಲಿ ಅದರ ಹೆಸರು ಬೊಂಬಾಯಿ ಹೂ. ನೇರಳೆ ಗೊಂಚಲು ಬಿಟ್ಟ ದಿನಗಳಲ್ಲಿ ದೊಡ್ಡಮ್ಮ ಜಗುಲಿ ಬಿಟ್ಟು ಏಳುತ್ತಿರಲಿಲ್ಲ, ಯಾರಾದರೂ ನೋಡಿಯೂ ಕೇಳದೆ ಹೋದಾರು ಎಂಬ ಭಯಕ್ಕೆ.

ಕೇಳಿದವರಿಗೆ ಅವಳು ಇಲ್ಲವೆಂದದ್ದೇ ಇಲ್ಲ. ಬೇರೆಲ್ಲದರಲ್ಲೂ ಎಂಜಲು ಕೈಯಲ್ಲಿ ಕಾಗೆ ಓಡಿಸದ ಹೆಂಗಸು, ಈ ಗಿಡ ಕೊಡುವುದರಲ್ಲಿ ಮಾತ್ರ ಕರ್ಣನ ಅಕ್ಕ. ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು, ಬುಡದಲ್ಲಿ ಹೊಸ ಬೇರು ಇಣುಕುವ ಹೊತ್ತಿಗೆ, ಕೇಳಿ ಹೋದವರನ್ನೆಲ್ಲ ಕರೆಸುತ್ತಿದ್ದಳು. ಜಗುಲಿಯಲ್ಲಿ ಗೋಣಿ ಹಾಸಿ, ಕುಂಡವನ್ನು ಮಗ್ಗುಲಾಗಿ ಮಲಗಿಸಿ, ಸಿಪ್ಪೆಗೆ ಅಂಟಿದ ಬೇರುಗಳನ್ನು ನೀರು ಹಾಕಿ ಮೆಲ್ಲಗೆ ಬಿಡಿಸುವಳು. ಚೂರಿಯನ್ನು ದೀಪದ ಉರಿಗೆ ಹಿಡಿದು, ಒರೆಸಿ, ಗಿಡದ ಕಡ್ಡಿಯಂಥ ಕಾಂಡಗಳ ನಡುವೆ ಬುಡದಲ್ಲಿ ಇಳಿಸುವಳು. ಒಂದು ಪಾಲಿಗೆ ಮೂರೋ ನಾಲ್ಕೋ ಕಡ್ಡಿ. ಕೊಯ್ದ ಬಾಯಿಗೆ ಅರಿಶಿನ. ಕೈಗಿಡುವ ಮೊದಲು ಪ್ರತಿಯೊಂದರ ಬುಡವನ್ನೂ ಹೆಬ್ಬೆರಳಿನಿಂದ ಒಮ್ಮೆ ಒರೆಸುವಳು, ಕೂಸಿನ ಬಾಯಿ ಒರೆಸಿದ ಹಾಗೆ. ನೋಡಿದವರಿಗೆ ಕಣ್ಣು ತುಂಬುವುದೊಂದು ಬಾಕಿ. ಮನೆಗೆ ಒಯ್ದ ಗಿಡ ಕೆಲವು ತಿಂಗಳು ಹಸಿರಾಗಿಯೇ ಇದ್ದು, ಆಸೆ ಹುಟ್ಟಿಸಿ, ಆಮೇಲೆ ಸುಕ್ಕುಗಟ್ಟಿ ಸಾಯುತ್ತಿತ್ತು. ಮರುವರ್ಷ ಅದೇ ಹೆಂಗಸರು ತಮ್ಮದೇ ತಪ್ಪೆಂಬ ಮುಖ ಹೊತ್ತು ಮತ್ತೆ ಬರುತ್ತಿದ್ದರು. ಕತ್ತೆಗಳಿಗೂ ಇಷ್ಟು ವಿನಯ ಇರುವುದಿಲ್ಲ.

ಅಮ್ಮನೂ ಪ್ರತಿ ವರ್ಷ ಕೇಳುತ್ತಿದ್ದಳು. ಒಂದೇ ಸೂರಿನಡಿ ಇದ್ದು ಬೇಡಿ ಪಡೆಯುವ ಸುಖ ನೋಡಿ. ಹಿತ್ತಲ ಬಚ್ಚಲು ಗೋಡೆಗೆ ಅದನ್ನು ತೂಗುಹಾಕಿ, ಅಕ್ಕಿ ತೊಳೆದ ನೀರು ಚಿಮುಕಿಸಿ, ಬೆಳಿಗ್ಗೆ ಎದ್ದವಳೇ ಮೊದಲು ಅದರ ಬುಡ ನೋಡುವಳು. ಒಂದೂ ಬದುಕಲಿಲ್ಲ. ಒಂದು ವರ್ಷ ಹೆಂಗಸರೆಲ್ಲ ಕುಳಿತಿರುವಾಗಲೇ ದೊಡ್ಡಮ್ಮ ಪಾಲನ್ನು ಚಾಚುತ್ತ ಹೇಳಿದಳು.

“ತಕ್ಕೋ, ಸಣ್ಣಿ. ಕೊಡೂಕೆ ನಂಗೆಂತ ಬೇಜಾರಿಲ್ಲ. ಆದ್ರೆ ನಿನ್ನ ಕೈ ಬಿಸಿ ಮಾರಾಯ್ತಿ. ನೀ ಮುಟ್ಟಿದ್ದು ಉಳೂದಿಲ್ಲ.”

ಹಿಂದಿನ ಮಳೆಗಾಲದಲ್ಲಷ್ಟೇ ನನ್ನ ತಮ್ಮ, ಇನ್ನೂ ಮಗುಚಲು ಕಲಿಯದ ಕೂಸು, ಜ್ವರ ಬಂದು ಅಮ್ಮನ ತೊಡೆಯ ಮೇಲೆ ಹೋಗಿದ್ದ. ದೊಡ್ಡಮ್ಮ ಹೇಳಿದ್ದು ಗಿಡಕ್ಕೊಂದೇ ಅಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಮ್ಮ ಗಿಡ ತೆಗೆದುಕೊಂಡು ಒಳಗೆ ಹೋದಳು.

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆಗೇನೂ ಆಗಲಿಲ್ಲ, ಸೊಗಸಾಗಿ ನಡೆಯಿತು. ಕೆಟ್ಟದ್ದು ಅಮ್ಮ ಒಬ್ಬಳೇ. ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ಅವಳನ್ನು ಕರೆಯುವುದು ನಿಂತಿತು. ಬಾಣಂತಿಯರ ಮನೆಗೆ ಹೋದರೆ ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕೊನೆಗೆ ನನ್ನ ತಲೆ ಬಾಚುವುದನ್ನೂ ಬಿಟ್ಟಳು, ನಾನಾದರೂ ಉಳಿಯಬೇಕಿತ್ತಲ್ಲ. ದೊಡ್ಡಮ್ಮ ಬಾಚಿದಳು, ಬಾಚಿದ್ದನ್ನು ಊರಿಗೆಲ್ಲ ಹೇಳಿಕೊಂಡಳು. ಅಪ್ಪ ಇಷ್ಟನ್ನೂ ಕೇಳಿಸಿಕೊಂಡು ಪೇಪರ್ ಓದುತ್ತಿದ್ದ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದಿಲ್ಲ.

ಮನೆ ರಸ್ತೆಗೆ ಹೋಗುವ ಹೊತ್ತಿಗೆ ಅಪ್ಪನೂ ದೊಡ್ಡಪ್ಪನೂ ಇರಲಿಲ್ಲ. ದೊಡ್ಡಮ್ಮ ಕುಂಡ ಸಮೇತ ಹೊನ್ನಾವರದಲ್ಲಿ ಮಗನ ಮನೆ ಸೇರಿದಳು. ನನಗೆ ಭಟ್ಕಳದಲ್ಲಿ ನೌಕರಿ. ಅಮ್ಮ ಜಾಲಿಗೆ ಬಂದು ನನ್ನ ಜೊತೆ ಇದ್ದಳು. ಒಮ್ಮೆ ದೊಡ್ಡಮ್ಮನನ್ನು ನೋಡಲು ಹೋದಾಗ ಅವಳು ಚೂರಿಯನ್ನು ನನ್ನ ಕೈಗೆ ಕೊಟ್ಟಳು. ಕೆಳಗಿನ ಮನೆಯವರು ಗಿಡ ಕೇಳಿದ್ದಾರೆ, ತನ್ನ ಕೈ ನಡುಗುತ್ತದೆ, ನೀನೇ ಒಡೆದು ಕೊಡು ಎಂದಳು. ನಾನು ಬೇರು ಬಿಡಿಸಿದೆ. ಅವಳು ಪಕ್ಕದಲ್ಲಿ ಕುಳಿತು, ಅಡುಗೆಯ ಹದ ಹೇಳಿಕೊಡುವವಳ ಹಾಗೆ ಹೇಳಿಕೊಟ್ಟಳು.

“ಹೊಸ ಮೊಳಕೆ ಇದ್ದ ಬದಿ ನಮ್ಗೆ. ಹಿಂದಿನ ಹಳೇ ಕಡ್ಡಿ ಅವ್ರಿಗೆ. ಅದ್ರ ಬುಡದಲ್ಲೂ ಸಣ್ಣ ಕಣ್ಣು ಇರ್ತದೆ, ನೋಡು. ಅದನ್ನ ಉಗುರಲ್ಲಿ ಚಿವುಟಿ ಕೊಡೂದು. ಇಲ್ದಿದ್ರೆ ಅದೂ ಚಿಗುರ್ತದೆ.”

“ಅಮ್ಮಂಗೂ ಹಂಗೇ ಕೊಟ್ಟಿದ್ಯಾ, ದೊಡ್ಡಮ್ಮ?”

“ಮತ್ತೆ? ಮನೆಮನೆಗೆ ಅದೇ ಹೂ ಆದ್ರೆ ನಮ್ಮ ಜಗುಲಿ ನೋಡೂಕೆ ಯಾರು ಬರ್ತಾರೆ?”

ಅವಳ ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಗಲಿಲ್ಲ. ದ್ವೇಷ ಹುಡುಕಿದೆ, ಅದೂ ಇರಲಿಲ್ಲ. ದ್ವೇಷವಾದರೂ ಇದ್ದಿದ್ದರೆ ಅಮ್ಮನ ಸಂಕಟಕ್ಕೆ ಒಂದು ತೂಕ ಇರುತ್ತಿತ್ತು. ಜಗುಲಿಯ ಒಂದು ಕುಂಡದ ದೊಡ್ಡಸ್ತಿಕೆಗೆ ಇವಳು ಒಬ್ಬ ಹೆಂಗಸಿನಿಂದ ಅವಳ ಎರಡು ಕೈಗಳನ್ನೇ ಕಸಿದುಕೊಂಡಿದ್ದಳು, ಮತ್ತು ಅದು ಅವಳ ಲಕ್ಷ್ಯಕ್ಕೂ ಬಂದಿರಲಿಲ್ಲ. ನಾನು ಮೊಳಕೆ ಇದ್ದ ಬದಿಯನ್ನು ಕೊಯ್ದು ನನ್ನ ಚೀಲಕ್ಕೆ ಹಾಕಿಕೊಂಡೆ. ಅದಲ್ಲ, ಅದಲ್ಲ ಎನ್ನುತ್ತಲೇ ಇದ್ದಳು. ಈಗ ಅವಳಿಲ್ಲ. ಸತ್ತವರನ್ನು ಬಯ್ಯಬಾರದಂತೆ. ಬಯ್ಯಿಸಿಕೊಳ್ಳುವಷ್ಟು ದೊಡ್ಡವಳೂ ಆಗಿರಲಿಲ್ಲ ಬಿಡಿ.

ಗಿಡ ಕೊಯ್ದು ತಂದ ದಿನವೇ ಸಂಜೆ ಜಾಲಿಯಲ್ಲಿ ಅಮ್ಮನ ಮುಂದೆ ಗಿಡ ಇಟ್ಟು ಎಲ್ಲವನ್ನೂ ಹೇಳಿದೆ. ಬುಡದ ಮೊಳಕೆಯನ್ನು ತೋರಿಸಿದೆ. ಈ ಸಲ ನೀನೇ ನೆಡು, ನಿನ್ನ ಕೈಯಲ್ಲಿ ಯಾವತ್ತೂ ದೋಷ ಇರಲಿಲ್ಲ ಎಂದೆ. ಇಷ್ಟು ವರ್ಷದ ಭಾರವನ್ನು ಒಂದು ಬಸ್ಸು ಹತ್ತಿ ಹೋಗಿ ಇಳಿಸಿ ಬಂದೆನೆಂಬ ಹೆಮ್ಮೆ ನನಗೆ. ಅಮ್ಮ ಬಗ್ಗಿ ಮೊಳಕೆಯನ್ನು ನೋಡಿದಳು, ಮುಟ್ಟಲಿಲ್ಲ.

“ಗಿಡಕ್ಕೆ ಕಣ್ಣಿರ್ಲಿಲ್ಲ, ಆತು,” ಅಂದಳು. “ನಿನ್ನ ತಮ್ಮಂಗೆ ಎಲ್ಲಾ ಇತ್ತಲ್ಲೇ.”

ನಾನೇ ಕುಂಡಕ್ಕೆ ಇದ್ದಿಲು ತುಂಬಿ ನೆಟ್ಟೆ, ನಾನೇ ನೀರು ಹಾಕಿದೆ. ಒಂದೆರಡು ವರ್ಷಕ್ಕೆ ಅದು ಮರ್ಯಾದೆಯಿಲ್ಲದೆ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ಕರೆದಾಗ ಅಮ್ಮ ಬಂದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರದಲ್ಲಿ ನಿಂತಳು. ಹತ್ತಿರ ಬಾ ಎಂದರೆ, ಇಲ್ಲಿಂದಲೇ ಚಂದ ಕಾಣುತ್ತದೆ ಎಂದಳು. ಅಮ್ಮ ತೀರಿಹೋದ ಮೇಲೆ ನಾನು ಅದಕ್ಕೆ ನೀರು ಹಾಕುವುದನ್ನು ಬಿಟ್ಟೆ. ಒಣಗಲು ಅದು ಬಹಳ ಕಾಲ ತೆಗೆದುಕೊಂಡಿತು.